ಕುಸುಬಿ ಎಣ್ಣೆ ಕುಡಿದ ಬಂದೂಕು

ಲಿವರ್ ಅಲುಗಲಿಲ್ಲ. ಮೊದಲು ಒಂದು ಕೈಯಲ್ಲಿ ಎಳೆದೆ, ಆಮೇಲೆ ಎರಡೂ ಕೈ ಹಚ್ಚಿದೆ. ಟೇಬಲ್ಲು ನನ್ನ ಕಡೆ ಸರಿದು ಬಂತೇ ಹೊರತು ಲಿವರ್ ಎಳ್ಳಷ್ಟೂ ಕೆಳಗಿಳಿಯಲಿಲ್ಲ. ತುಕ್ಕು ಹಿಡಿದ ಬಂದೂಕು ಹೀಗೆ ಹಟ ಮಾಡುವುದಿಲ್ಲ. ತುಕ್ಕು ಕಿರುಗುಟ್ಟುತ್ತದೆ, ಪುಡಿ ಉದುರಿಸುತ್ತದೆ, ಅಷ್ಟಿಷ್ಟು ಜಗ್ಗುತ್ತದೆ. ಇದು ಸದ್ದೇ ಇಲ್ಲದೆ ಬಾಯಿ ಮುಚ್ಚಿಕೊಂಡು ಕೂತಿತ್ತು.

ನಾನು ಯಾದಗಿರಿಯಲ್ಲಿ ಪೊಲೀಸ್ ಪಡೆಯ ಬಂದೂಕುಗಳನ್ನು ರಿಪೇರಿ ಮಾಡುವವನು. ಈ ಕೆಲಸದವನನ್ನು ನಮ್ಮ ಕಡೆ ಉಸ್ತಾದ್ ಎನ್ನುತ್ತಾರೆ. ಕೆಲಸದ ಮೊದಲ ನಿಯಮ ಒಂದೇ: ಬಂದೂಕು ಖಾಲಿ ಇದೆ ಎಂದು ಯಾರು ಹೇಳಿದರೂ ನಂಬಬಾರದು. ಬಾಯಿ ತೆರೆದು ಕಣ್ಣಿಂದ ನೋಡಬೇಕು, ಆಮೇಲೆ ಕಿರುಬೆರಳು ಒಳಗೆ ಹಾಕಿ ಮುಟ್ಟಿ ನೋಡಬೇಕು. ಕಣ್ಣು ಮೋಸ ಹೋಗಬಹುದು, ಬೆರಳು ಹೋಗುವುದಿಲ್ಲ. ಬಾಯಿಯನ್ನೇ ತೆರೆಯದ ಬಂದೂಕಿಗೆ ಏನು ಮಾಡಬೇಕು ಎಂದು ಮಾತ್ರ ಯಾವ ಉಸ್ತಾದನೂ ನನಗೆ ಹೇಳಿಕೊಟ್ಟಿರಲಿಲ್ಲ.

ಅದು ಸುರಪುರದ ಒಂದು ಮನೆಯದು. ಚುನಾವಣೆ ಬಂದರೆ ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಒಯ್ಯಬೇಕು. ಇದು ಹಾಗೆ ಬಂದು ಉಳಿದುಬಿಟ್ಟಿತ್ತು. ಯಜಮಾನನ ಲೈಸೆನ್ಸಿನ ಅವಧಿ ಮುಗಿದಿತ್ತು, ಹೊಸದು ಮಾಡಿಸಲು ಆತ ಏಳುವ ಸ್ಥಿತಿಯಲ್ಲಿರಲಿಲ್ಲ. ಆ ವಾರದ ಕೊನೆಗೆ ಗ್ಯಾಸ್ ಕಟರ್ ಬರುವುದಿತ್ತು. ವಾರಸುದಾರರಿಲ್ಲದ, ಲೈಸೆನ್ಸ್ ಸತ್ತ ಬಂದೂಕುಗಳನ್ನು ಪಂಚರ ಮುಂದೆ ಕತ್ತರಿಸಿ ತುಂಡು ಮಾಡುತ್ತಾರೆ. ಅದಕ್ಕೆ ಮುಂಚೆ ನನ್ನ ಅಭಿಪ್ರಾಯ ಬೇಕಿತ್ತು. ಪ್ರಶ್ನೆ ಸರಳ: ಈ ಆಯುಧವನ್ನು ಈಗಾಗಲಿ, ರಿಪೇರಿ ಮಾಡಿಯಾಗಲಿ ಹಾರಿಸಬಹುದೇ? ಹಾರಿಸಬಹುದು ಎಂದರೆ ಕಟರ್. ಎಂದೆಂದಿಗೂ ಸಾಧ್ಯವಿಲ್ಲ ಎಂದರೆ ಹಳೆಯ ವಸ್ತು ಎಂದು ಮನೆಯವರಿಗೆ ವಾಪಸ್.

ಯಜಮಾನನ ಮಗಳು ಅವತ್ತೇ ಬಂದಿದ್ದರು. ಸುರಪುರದ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಶಾಲೆಗೆ ರಜೆ ಹಾಕಿ, ಶಹಾಪುರದಲ್ಲಿ ಬಸ್ ಬದಲಿಸಿ, ಬೆವರಿದ ಮುಖ ಸೆರಗಿನಿಂದ ಒರೆಸಿಕೊಳ್ಳುತ್ತ ಗೇಟಿನ ಹತ್ತಿರದ ಬೇವಿನ ಗಿಡದ ಕೆಳಗೆ ಕೂತಿದ್ದರು. ನಾನು ಹೊರಗೆ ಬಂದ ಕೂಡಲೇ ಎದ್ದು ನಿಂತರು.

"ಅಪ್ಪ ಹಾಸಗಿ ಹಿಡದಾನ್ರಿ. ಕಲಬುರಗಿ ಡಾಕ್ಟರು ಮನಿಗಿ ಕರ್ಕೊಂಡು ಹೋಗ್ರಿ ಅಂದಾರ. ಹಂಗಂದ್ರ ಏನಂತ ನಿಮಗ ತಿಳೀತದ."

"ತಿಳೀತದ್ರಿ ಅಕ್ಕೋರ" ಎಂದೆ. ನಿಜವಾಗಿಯೂ ತಿಳಿದಿತ್ತು. ಬೇಸಿಗೆಯಲ್ಲಿ ಅದೇ ಊರಿನ ಡಾಕ್ಟರೊಬ್ಬರು ನನಗೂ ಅದೇ ಮಾತು ಹೇಳಿದ್ದರು.

"ನಮ್ಮ ಮನ್ಯಾಗ ಒಂದು ಪದ್ಧತಿ ಅದ್ರಿ. ಹಿರಿಯ ತೀರ್ಕೊಂಡ್ರ ಹೆಣದ ಬಲ ಮಗ್ಗಲ ಈ ಬಂದೂಕ ಇಡ್ತೀವಿ. ಹೆಣ ಎತ್ತೂ ಮುಂಚೆ ಅದನ್ನ ಯಾರು ಹೆಗಲಿಗಿ ಹಾಕ್ಕೊಂತಾರೋ, ಮನಿ ಹಿರೇತನ ಅವರದು. ನಮ್ಮಪ್ಪ ನನಗ ಅಂದಾನ. ನೀನs ಹಾಕ್ಕೋಬೇಕು ಅಂದಾನ. ಕಾಕಾನ ಮಕ್ಳು ನಗಾಕತ್ಯಾರ. ಬಂದೂಕs ಇಲ್ಲಾಂದ್ರ ಅಪ್ಪನ ಮಾತು ಬರೇ ಬಾಯಿಮಾತ ಆಗ್ತದ್ರಿ. ಅಪ್ಪ ದಿನಾ ಕೇಳ್ತಾನ, ಬಂತೇನು, ಬಂತೇನು ಅಂತ."

ನನಗೆ ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ. ಅದಕ್ಕೆ ಆ ಹೆಣ್ಣುಮಗಳ ತಪ್ಪೇನೂ ಇಲ್ಲ. ನನ್ನ ಹೆಂಡತಿ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ನಲವತ್ತನೆಯ ದಿನದ ಚಾಲೀಸ್ವಾ ಮುಗಿಸಿ ಡ್ಯೂಟಿಗೆ ಹಾಜರಾಗಿದ್ದೆ. ಈಗ ಬರೆಯುತ್ತಿದ್ದೇನೆ, ಆದರೆ ಆಗ ಈ ಮಾತು ಯಾರ ಮುಂದೆಯೂ ನನ್ನ ಬಾಯಿಂದ ಹೊರಟಿರಲಿಲ್ಲ. ಮಣ್ಣಿಗೆ ಬಂದವರಿಗೆ ಹೇಳಬೇಕಾದದ್ದನ್ನೆಲ್ಲ ನನ್ನ ತಮ್ಮನೇ ಹೇಳಿದ್ದ, ನಾನು ತಲೆಯಾಡಿಸಿದ್ದೆ. ಅಳು ಬಂದಿರಲಿಲ್ಲ, ಸಿಟ್ಟೂ ಇಲ್ಲ. ಮಲಗಿದಾಗ ಕೈಗೆ ಜೋಮು ಹಿಡಿದರೆ ಮುಟ್ಟಿದಾಗ ಯಾರದೋ ಕೈ ಅನಿಸುತ್ತದಲ್ಲ, ನನಗೆ ಇಡೀ ಮೈ ಹಾಗಾಗಿತ್ತು. ಕೆಲಸ ಮಾತ್ರ ಕೈಗೆ ಗೊತ್ತಿತ್ತು, ಅದು ಮಾಡಿಕೊಂಡು ಹೋಗುತ್ತಿತ್ತು.

"ನೋಡ್ತೀನ್ರಿ" ಎಂದಷ್ಟೇ ಹೇಳಿ ಒಳಗೆ ಬಂದೆ.

ಬಂದೂಕು ನೋಡಿ ನಮ್ಮ ಹವಾಲ್ದಾರ, ನನ್ನ ಟೇಬಲ್ಲಿನ ಪಕ್ಕದಲ್ಲೇ ಕೂತು ಸರ್ವಿಸ್ ರೈಫಲ್‌ಗಳಿಗೆ ಎಣ್ಣೆ ಹಚ್ಚುವವನು, "ಇದೇನ್ರಿ ಉಸ್ತಾದ್, ಬಂದೂಕೋ ಒನಕಿಯೋ" ಎಂದ. ಒನಕೆಯಂತೆಯೇ ಇತ್ತು. ಅರಿಶಿನ, ಕುಂಕುಮ, ವಿಭೂತಿ, ಅದರ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಮತ್ತೆ ಕುಂಕುಮ. ಪದರ ಪದರವಾಗಿ ಹೆಪ್ಪುಗಟ್ಟಿ ಉಕ್ಕು ಯಾವುದು, ಕಟ್ಟಿಗೆ ಯಾವುದು ತಿಳಿಯುತ್ತಿರಲಿಲ್ಲ. ಬಿದಿರಿನ ಚಕ್ಕೆಯಿಂದ ಬಲಗಡೆ ಹೆರೆಯುತ್ತ ಹೋದೆ. ಕಿರೀಟದ ಗುರುತು ಕಂಡಿತು, ಕೆಳಗೆ ರಾಣಿಯ ಹೆಸರಿನ ಎರಡಕ್ಷರ. ಮಾರ್ಟಿನಿ-ಹೆನ್ರಿ.

ಪೊಲೀಸ್ ಮ್ಯೂಸಿಯಮ್ಮಿನ ಗಾಜಿನ ಹಿಂದೆ ನೋಡಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ. ಸುರಪುರದ ಕೋಟೆಯವರು ಇಂಗ್ಲಿಷರ ಮೇಲೆ ತಿರುಗಿಬಿದ್ದ ಕಾಲದಲ್ಲಿ ಎರಡೂ ಕಡೆಯವರ ಕೈಯಲ್ಲಿ ಮುಂದಿನ ಬಾಯಿಂದ ಮದ್ದು ತುರುಕುವ ಬಂದೂಕುಗಳೇ ಇದ್ದವು. ಮದ್ದು ಸುರಿ, ಗುಂಡು ಹಾಕು, ಗಜದ ಕೋಲಿನಿಂದ ಜಡಿ, ಅಷ್ಟರಲ್ಲಿ ಎದುರಿನವ ಮೈಮೇಲೆ ಬಂದಿರುತ್ತಿದ್ದ. ಆಮೇಲೆ ಹಿಂದಿನಿಂದ ತುಂಬುವ ಬಂದೂಕು ಬಂತು. ಮೊದಲು ಹಳೆಯವನ್ನೇ ಹಿಂದೆ ಕತ್ತರಿಸಿ, ಬಾಗಿಲು ಕೂಡಿಸಿ ಕೆಲಸ ಸಾಗಿಸಿದರು. ಅದರ ನಂತರ ಹಿಂದಿನಿಂದ ತುಂಬಲೆಂದೇ ಹುಟ್ಟಿದ್ದು ಇದು. ಹೊರಗೆ ಸುತ್ತಿಗೆ ಇಲ್ಲ. ಹಿಡಿಯ ಕೆಳಗಿನ ಲಿವರನ್ನು ಕೆಳಗೆ ಒತ್ತಿದರೆ ಒಳಗಿರುವ ಉಕ್ಕಿನ ಗಟ್ಟಿಯ ಮೂತಿ ಬಾಗುತ್ತದೆ, ನಳಿಗೆಯ ಹಿಂಬಾಯಿ ತೆರೆಯುತ್ತದೆ, ಹಳೆಯ ಕಾಡತೂಸು ಹೊರಗೆ ಬೀಳುತ್ತದೆ, ಒಳಗಿನ ಮೊಳೆ ಸ್ಪ್ರಿಂಗ್ ಬಿಗಿದುಕೊಂಡು ಹೊಡೆಯಲು ತಯಾರಾಗಿ ನಿಲ್ಲುತ್ತದೆ. ಹೊಸದೊಂದನ್ನು ಇಟ್ಟು ಲಿವರ್ ಮೇಲೆತ್ತಿದರೆ ಮುಗಿಯಿತು. ಒಂದು ಸಲಕ್ಕೆ ಒಂದೇ ಗುಂಡು, ಆದರೆ ಪಳಗಿದ ಕೈಗೆ ಮುಂದಿನದಕ್ಕೆ ಉಸಿರೆಳೆದು ಬಿಡುವಷ್ಟೇ ಹೊತ್ತು.

ದಂಗೆಯ ನಂತರ ಇಂಗ್ಲಿಷರಿಗೆ ನಮ್ಮವರ ಮೇಲೆ ನಂಬಿಕೆ ಇರಲಿಲ್ಲ. ಹಾಗಾಗಿ ನಮ್ಮ ಸಿಪಾಯಿಗಳಿಗೆ ಯಾವಾಗಲೂ ತಮ್ಮದಕ್ಕಿಂತ ಒಂದು ಮೆಟ್ಟಿಲು ಹಿಂದಿನ ಬಂದೂಕೇ. ಅವರ ಕೈಗೆ ಮಾರ್ಟಿನಿ ಬಂದಾಗ ನಮ್ಮವರಿಗೆ ಕತ್ತರಿಸಿ ಕೂಡಿಸಿದ್ದು. ಅವರಿಗೆ ಮ್ಯಾಗಜಿನ್ ರೈಫಲ್ ಬಂದ ಮೇಲೆ ಈ ಮಾರ್ಟಿನಿ ನಮ್ಮವರ ಕೈಗೆ ಇಳಿಯಿತು. ಅಲ್ಲಿಂದ ಪೊಲೀಸರಿಗೆ, ಸಂಸ್ಥಾನಗಳಿಗೆ, ಜೈಲಿನ ಪಹರೆಗೆ. ದೊಡ್ಡವರ ಮನೆಯ ಹಳೆ ಅಂಗಿ ತಮ್ಮಂದಿರ ಮೈಮೇಲೆ ಇಳಿದ ಹಾಗೆ. ಟೀಚರ್ ಹೇಳಿದ ಪ್ರಕಾರ ಅವರ ತಂದೆಯ ಅಜ್ಜ ನಿಜಾಮರ ಕಾಲದಲ್ಲಿ ಖಜಾನೆ ಕಾವಲಿಗಿದ್ದವನು. ಚಾಕರಿ ಬಿಡುವಾಗ ಇದನ್ನು ಇನಾಮು ಎಂದು ಕೊಟ್ಟರಂತೆ, ಜೊತೆಗೆ ಒಂದು ಚೀಲ ಕಾಡತೂಸು.

ಇತಿಹಾಸ ಅಲ್ಲಿಗೆ ಬಿಟ್ಟು ಕೆಲಸ ಹಿಡಿದೆ. ಲಿವರ್ ಬರದಿದ್ದರೆ ಮುಂದಿನ ಬಾಯಿಂದ ನೋಡಬೇಕು. ಒಂದು ಸಣ್ಣ ಕಟ್ಟಿಗೆಯ ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟೆ. ನಿಂತಲ್ಲಿ ಪೆನ್ಸಿಲ್ ಗುರುತು ಹಾಕಿ ಹೊರತೆಗೆದು ನಳಿಗೆಯ ಪಕ್ಕದಲ್ಲಿಟ್ಟು ನೋಡಿದೆ. ಕೊನೆಯವರೆಗೆ ಹೋಗಿರಲಿಲ್ಲ, ನಾಲ್ಕು ಬೆರಳಷ್ಟು ಉಳಿದಿತ್ತು. ಎಣ್ಣೆಯ ಗಸಿ ಗಟ್ಟಿಯಾಗಿರಬಹುದು ಎಂದುಕೊಂಡೆ. ಮತ್ತೆ ಇಳಿಬಿಟ್ಟು ಸ್ವಲ್ಪ ಒತ್ತಿ ತಿರುವಿ ತೆಗೆದೆ. ಗಜದ ತುದಿಗೆ ಬೂದು ಬಣ್ಣದ ಗೀರು ಹತ್ತಿತ್ತು. ಸೀಸ.

ಈ ಬಂದೂಕಿನ ಬಲಮಗ್ಗುಲಿಗೆ ನೀರಿನ ಹನಿಯ ಆಕಾರದ ಒಂದು ಸಣ್ಣ ತುಣುಕು ಇರುತ್ತದೆ. ಒಳಗಿನ ಮೊಳೆ ಬಿಗಿದು ನಿಂತಿದ್ದರೆ ಅದು ಒಂದು ಕಡೆ ವಾಲಿರುತ್ತದೆ, ಇಲ್ಲದಿದ್ದರೆ ಇನ್ನೊಂದು ಕಡೆ. ಸಿಪಾಯಿ ಕತ್ತಲೆಯಲ್ಲೂ ಬೆರಳಿಂದ ತಿಳಿಯಲಿ ಎಂದು ಇಟ್ಟದ್ದು. ಅದರ ಮೇಲಿನ ಕುಂಕುಮ ಹೆರೆದು ನೋಡಿದೆ. ಬಿಗಿದು ನಿಂತಿತ್ತು.

ಅಂದರೆ ಒಳಗೆ ಗುಂಡು ಇದೆ, ಮೊಳೆ ತಯಾರಿದೆ, ಟ್ರಿಗರ್ ಒಂದು ಎಳೆಯುವುದು ಬಾಕಿ. ಹೀಗೆ ಅದು ಎಷ್ಟೋ ದಶಕ ಒಂದು ದೇವರ ಮನೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಮಕ್ಕಳು ಅದರ ಮುಂದೆ ಕೂತು ಪ್ರಸಾದ ತಿಂದಿದ್ದವು. ಠಾಣೆಯವರು ಜೀಪಿನಲ್ಲಿ ಒಗೆದುಕೊಂಡು ತಂದಿದ್ದರು. ನಾನೇ ಎರಡು ಕೈ ಹಾಕಿ ಲಿವರ್ ಜಗ್ಗಿದ್ದೆ.

ಹವಾಲ್ದಾರನಿಗೆ ಹೇಳಿದೆ. ಅವನು ಕುರ್ಚಿಯಿಂದ ಎದ್ದು ಬಾಗಿಲ ತನಕ ಹೋಗಿ ಅಲ್ಲಿಂದ ಮಾತಾಡಿದ. "ನಿಮಗ ಅಂಜಿಕಿ ಬರಂಗಿಲ್ಲೇನ್ರಿ?" ಬರುತ್ತಿಲ್ಲ ಎಂದೆ. ಧೈರ್ಯವಲ್ಲ ಅದು. ಅಂಜಿಕೆ ಬರುವ ಜಾಗದಲ್ಲಿ ಏನೂ ಇರಲಿಲ್ಲ, ಅಷ್ಟೇ.

ಬಂದೂಕಿನ ಮೂತಿಯನ್ನು ಮರಳಿನ ಬಕೆಟ್‌ಗೆ ಇಳಿಸಿ ಇನ್ಸ್‌ಪೆಕ್ಟರ್ ಸಾಹೇಬರ ಹತ್ತಿರ ಹೋದೆ. ಮುಚ್ಚಿಡುವ ದಾರಿಯೂ ಇತ್ತು. ಹಾರುವುದಿಲ್ಲ, ಪೂರ್ತಿ ಹಾಳಾಗಿದೆ ಎಂದು ಬರೆದು ಸಹಿ ಹಾಕಿದ್ದರೆ ಆ ಸಂಜೆಯೇ ಟೀಚರ್ ಮನೆಗೆ ಒಯ್ಯುತ್ತಿದ್ದರು, ತುಂಬಿದ ಬಂದೂಕನ್ನು. ನನ್ನ ಸಹಿಗೆ ಬೇರೆ ಯಾವ ಬೆಲೆಯೂ ಇಲ್ಲ, ಖಾಲಿ ಎಂದರೆ ಖಾಲಿ ಇರಬೇಕು ಅನ್ನುವುದೊಂದೇ.

ಸಾಹೇಬರು ಕೇಳಿ ಪೆನ್ನು ಕೆಳಗಿಟ್ಟರು. "ಬಾಂಬ್ ನಿಷ್ಕ್ರಿಯ ದಳದವರನ್ನು ಕರೀತೀನಿ. ಅವರು ಹೊಲದಾಗ ಇಟ್ಟು ಉಡಾಯಿಸ್ತಾರ. ಬಂದೂಕ ಹೋಗ್ತದ, ಖರೆ. ಜೀವ ಉಳೀತಾವ."

"ನನಗ ಕಟರ್ ಬರೋತನಕ ಟೈಮ್ ಕೊಡ್ರಿ ಸರ್. ಬಾಯಿ ತೆರೆದ್ರ ಕಾಡತೂಸು ತೆಗೀತೀನಿ. ಆಮ್ಯಾಲ ನಳಿಗಿ ಕೊರದು, ಮೊಳಿ ತೆಗದು, ಯಾರ ಅಪ್ಪಗೂ ಹಾರಿಸಾಕ ಬರಲಾರದಂಗ ಮಾಡ್ತೀನಿ. ತೆರೀಲಿಲ್ಲಾಂದ್ರ ನೀವ ಅಂದಂಗ."

ಅವರು ನನ್ನ ಮುಖ ನೋಡಿದರು. "ನೀವು ಸರಿ ಅದೀರೇನ್ರಿ ಉಸ್ತಾದ್?" ಎಂದರು. ಸರಿ ಇದ್ದೇನೆ ಎಂದೆ. ಪರೇಡ್ ಮೈದಾನದ ಆ ತುದಿಯಲ್ಲಿರುವ ಹಳೆ ಶೆಡ್ಡಿನಲ್ಲಿ, ಸುತ್ತ ಮರಳಿನ ಚೀಲ ಪೇರಿಸಿ, ಬೇರೆ ಯಾರನ್ನೂ ಹತ್ತಿರ ಬಿಡದೆ ಮಾಡಿ ಎಂದರು.

ಬಂದೂಕಿನ ಹಿಂದಿನ ಕಟ್ಟಿಗೆ ಬಿಚ್ಚಿದೆ. ಅದರೊಳಗೆ ಉದ್ದನೆಯ ಬೋಲ್ಟ್ ಇರುತ್ತದೆ, ಅದು ಹೇಗೋ ಬಂತು. ಮುಂದಿನ ಕಟ್ಟಿಗೆಯೂ ಬಂತು. ಉಕ್ಕಿನ ಭಾಗ ಮಾತ್ರ ಉಳಿಯಿತು. ತುಪ್ಪದ ಡಬ್ಬಿಯನ್ನು ಅಡ್ಡ ಕತ್ತರಿಸಿ ತೊಟ್ಟಿ ಮಾಡಿ, ಪೇಂಟ್ ಅಂಗಡಿಯಿಂದ ಥಿನ್ನರ್ ತಂದು ಅದರಲ್ಲಿ ನೆನೆಹಾಕಿದೆ. ಮಾರನೆಯ ದಿನ ನೋಡಿದರೆ ಮೇಲಿನ ಕುಂಕುಮವೆಲ್ಲ ಕರಗಿ ತೊಟ್ಟಿ ಕೆಂಪಗಾಗಿತ್ತು, ಒಳಗಿನ ಗಸಿ ಚೂರೂ ಬಿಟ್ಟಿರಲಿಲ್ಲ. ಥಿನ್ನರ್ ಬದಲಿಸಿದೆ. ಅದೇ ಕಥೆ. ಬೆಂಕಿ ತಗುಲಿದರೆ ಭಗ್ಗೆನ್ನುವ ವಸ್ತುವಿನಲ್ಲಿ ಜೀವಂತ ಕಾಡತೂಸು ಮುಳುಗಿಸಿ ಕೂತಿದ್ದೇನೆ ಅನ್ನುವುದು ಗೊತ್ತಿತ್ತು.

ಹವಾಲ್ದಾರ ಮರಳಿನ ಚೀಲದ ಆಚೆಯಿಂದ, "ಬ್ಲೋಲ್ಯಾಂಪ್ ಹಿಡೀರಿ ಉಸ್ತಾದ್, ಬೆಣ್ಣಿ ಕರಗಿದಂಗ ಕರಗ್ತದ" ಎಂದ. ಅವನ ಬುದ್ಧಿಗೆ ಏನನ್ನಬೇಕು. ಕಾಯಿಸಿದರೆ ಗಸಿ ಕರಗುವ ಮುಂಚೆ ಮದ್ದು ಹಾರುತ್ತದೆ ಎಂದೆ. ಅಷ್ಟರಲ್ಲಿ ಅವನೇ, "ನಿಮ್ಮ ಕೈ ನೋಡ್ಕೊಳ್ರಿ" ಎಂದ. ಹೆಬ್ಬೆರಳ ಸಂದಿಯಲ್ಲಿ ಚರ್ಮ ಹರಿದು ರಕ್ತ ಬರುತ್ತಿತ್ತು, ಅದೇ ಕೈಯನ್ನು ಥಿನ್ನರಿನಲ್ಲಿ ಅದ್ದಿದ್ದೆ. ಉರಿಯಬೇಕಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಆ ದಿನ ಮನೆಗೆ ಹೋಗಿ ಅಡುಗೆ ಮನೆಯಲ್ಲಿ ನಿಂತೆ. ಊಟ ತಮ್ಮನ ಮನೆಯಿಂದ ಬರುತ್ತಿತ್ತು, ಹಾಗಾಗಿ ಅವಳು ಹೋದ ಮೇಲೆ ಒಲೆಯ ಕಡೆ ನನಗೆ ಕೆಲಸ ಬಿದ್ದಿರಲಿಲ್ಲ. ಕೈಗೆ ಏನಾದರೂ ಹಚ್ಚೋಣವೆಂದು ಕಟ್ಟೆಯ ಮೇಲಿದ್ದ ಎಣ್ಣೆ ಡಬ್ಬಿ ಎತ್ತಿದೆ. ಮುಚ್ಚಳ ಬರಲಿಲ್ಲ. ತಿರುವಿದೆ, ಜಗ್ಗಿದೆ, ಸದ್ದೇ ಇಲ್ಲ. ಮುಚ್ಚಳದ ಸುತ್ತ ಹಳದಿ ಕಂದು ಬಣ್ಣದ ಅಂಟು, ಗಾಜಿನ ಹಾಗೆ. ಮೂಗಿಗೆ ಹಿಡಿದೆ. ಮೂರು ದಿನದಿಂದ ನನ್ನ ಕೈಯಲ್ಲಿ ಬರುತ್ತಿದ್ದುದು ಇದೇ ವಾಸನೆ. ಕುಸುಬಿ ಎಣ್ಣೆ.

ನಮ್ಮ ಕಡೆ ಮನೆಮನೆಗೂ ಇದು ಗೊತ್ತಿರುವ ಸಂಗತಿ. ಕುಸುಬಿ ಎಣ್ಣೆ ಗಾಳಿಗೆ ಬಿಟ್ಟರೆ ಒಣಗಿ ಅಂಟಾಗುತ್ತದೆ, ಅಂಟು ಗಟ್ಟಿಯಾಗಿ ಅರಗಾಗುತ್ತದೆ. ಸುರಪುರದ ಆ ಮನೆಯವರು ಪ್ರತಿ ಮಹಾನವಮಿಗೆ ಪೂಜೆಯ ಹೆಸರಲ್ಲಿ ಬಂದೂಕಿಗೆ ಬಟ್ಟಲುಗಟ್ಟಲೆ ಕುಸುಬಿ ಎಣ್ಣೆ ಕುಡಿಸಿದ್ದರು. ತೆಂಗಿನೆಣ್ಣೆ ಹಾಕುವ ಊರಿನಲ್ಲಿ ಈ ಬಂದೂಕು ಹೀಗಾಗುತ್ತಿರಲಿಲ್ಲ.

ಅವಳು ಹೀಗೆ ಅಂಟಿದ ಡಬ್ಬಿಯನ್ನು ಜಗ್ಗಾಡುತ್ತಿರಲಿಲ್ಲ. ನಾನು ಜಗ್ಗಿದರೆ ಬೈಯುತ್ತಿದ್ದಳು. "ಬಂದೂಖ್ ನಹೀಂ ಹೈ ಜೀ ಯೇ, ಛೋಡೋ" ಎನ್ನುತ್ತಿದ್ದಳು, ಇದು ಬಂದೂಕಲ್ಲ, ಬಿಡಿ ಎಂದು. ಬಟ್ಟೆ ಒಗೆಯುವ ಸೋಡಾ ಉಗುರುಬೆಚ್ಚಗಿನ ನೀರಿಗೆ ಹಾಕಿ, ಡಬ್ಬಿಯನ್ನು ತಲೆಕೆಳಗೆ ಅದರಲ್ಲಿ ನಿಲ್ಲಿಸಿ, ತನ್ನ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದಳು. ಸೋಡಾ ಅಂಟನ್ನು ಸಾಬೂನು ಮಾಡಿಬಿಡುತ್ತದೆ.

ಡಬ್ಬಿಯನ್ನು ಅಲ್ಲೇ ಇಟ್ಟೆ. ಸೋಡಾದ ಪೊಟ್ಟಣ ಅವಳು ಇಡುವ ಜಾಗದಲ್ಲೇ ಇತ್ತು, ಅದನ್ನು ತೆಗೆದುಕೊಂಡು ಬೆಳಿಗ್ಗೆ ಶೆಡ್ಡಿಗೆ ಹೋದೆ. ಬಂದೂಕನ್ನು ಥಿನ್ನರಿನಿಂದ ತೆಗೆದು ಒರೆಸಿ ಗಾಳಿಗೆ ಒಣಗಿಸಿ ಸೋಡಾ ನೀರಿಗೆ ಹಾಕಿದೆ. ನೀರು ಬೆಂಕಿ ಹಿಡಿಯುವುದಿಲ್ಲ, ಒಳಗೆ ಇಳಿದರೆ ಮದ್ದನ್ನೂ ಕೊಲ್ಲುತ್ತದೆ. ಇಷ್ಟು ಸಣ್ಣ ವಿಷಯ ನನಗೆ ಮೊದಲೇ ಹೊಳೆಯಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲೆ ಕಂದು ನೊರೆ ಕಟ್ಟಿತು. ಚೆಲ್ಲಿ ಹೊಸದು ಹಾಕಿದೆ. ಮತ್ತೆ ನೊರೆ.

ಕಟರ್ ಬರುವ ಹಿಂದಿನ ದಿನ ಉಕ್ಕನ್ನು ವೈಸಿನ ಇಕ್ಕಳದಲ್ಲಿ ಬಿಗಿದು, ಮೂತಿಯನ್ನು ಮರಳಿನ ಗುಡ್ಡೆಗೆ ಹೂತು, ಲಿವರಿಗೆ ಹಗ್ಗ ಕಟ್ಟಿ ಚೀಲಗಳ ಹಿಂದೆ ಕೂತು ಎಳೆದೆ. ಬರಲಿಲ್ಲ. ಇನ್ನೊಂದು ಸಲ. ಬೆರಳಷ್ಟು ಇಳಿದು ನಿಂತುಬಿಟ್ಟಿತು. ಅರ್ಧಕ್ಕೆ ನಿಂತದ್ದು ಮುಚ್ಚಿದ್ದಕ್ಕಿಂತ ಕೆಟ್ಟದ್ದು, ಒಳಗೆ ಏನು ಎಲ್ಲಿ ಸಿಕ್ಕಿಕೊಂಡಿದೆಯೋ ತಿಳಿಯುವುದಿಲ್ಲ. ಆ ಸಂದಿಗೆ ಸೋಡಾ ನೀರು ಹನಿಸುತ್ತ, ಕಾಯುತ್ತ ಕೂತೆ. ಗೇಟಿನಲ್ಲಿ ಟೀಚರ್ ಬಂದು ನಿಂತಿದ್ದಾರೆ ಎಂದು ಹವಾಲ್ದಾರ ಕೂಗಿ ಹೇಳಿದ. ನಿಲ್ಲಲಿ ಎಂದೆ. ಸಂಜೆ ಬಿಸಿಲು ಇಳಿಯುವಾಗ ಮತ್ತೊಮ್ಮೆ ಹಗ್ಗ ಎಳೆದೆ. ಈ ಸಲ ಅದು ಒದ್ದೆ ಬಟ್ಟೆ ಹರಿದ ಹಾಗೆ ಒಂದು ಸದ್ದು ಮಾಡಿ ಪೂರ್ತಿ ಇಳಿಯಿತು.

ಕಾಡತೂಸು ಇಡಿಯಾಗಿ ಬರಲಿಲ್ಲ. ಆ ಕಾಲದ ಕಾಡತೂಸಿನ ಮೈ ತೆಳುವಾದ ಹಿತ್ತಾಳೆ ತಗಡನ್ನು ಸುರುಳಿ ಸುತ್ತ ಮಾಡಿದ್ದು, ತಳಕ್ಕೆ ಮಾತ್ರ ಕಬ್ಬಿಣದ ಬಿಲ್ಲೆ. ಯುದ್ಧದಲ್ಲೂ ಬಿಸಿಗೆ ಹೀಗೆ ಬಿಲ್ಲೆ ಕಿತ್ತು ಬಂದು ಮೈ ಒಳಗೇ ಉಳಿದು ಎಷ್ಟೋ ಸಿಪಾಯಿಗಳು ಸತ್ತಿದ್ದಾರಂತೆ. ಇಲ್ಲೂ ಬಿಲ್ಲೆ ಮಾತ್ರ ಕಿತ್ತು ಬಂತು. ಉಳಿದದ್ದಕ್ಕೆ ನೀರು ಸುರಿದು, ಕರಿ ಮದ್ದನ್ನು ಕೆಸರಾಗಿ ತೊಳೆದು ತೆಗೆದು, ಸುರುಳಿಯನ್ನು ಚಿಮಟದಿಂದ ಎಳೆದು, ಸೀಸದ ಗುಂಡನ್ನು ಮುಂದಿನಿಂದ ಗಜ ಹಾಕಿ ಮೆಲ್ಲಗೆ ತಳ್ಳಿದೆ. ಒರೆಸಿ ಬೆಳಕಿಗೆ ಹಿಡಿದರೆ ನಳಿಗೆಯ ಒಳಗೆ ಏಳು ಗೀರುಗಳು ತಿರುಗುತ್ತ ಹೋಗಿದ್ದವು. ಹೊಸದರ ಹಾಗೆ. ಅಷ್ಟು ವರ್ಷದ ಎಣ್ಣೆ ಅದನ್ನು ಕಾಪಾಡಿತ್ತು.

ಆಮೇಲೆ ಬಿಲ್ಲೆ ನೋಡಿದೆ. ಅದರ ನಡುವೆ ಸಿಡಿಯುವ ಪುಟ್ಟ ತಾಮ್ರದ ಟೋಪಿ ಇರುತ್ತದೆ. ಟೋಪಿಯಲ್ಲಿ ಆಳವಾದ ಗುಣಿ ಬಿದ್ದಿತ್ತು. ಭೂತಗನ್ನಡಿ ಹಿಡಿದು ನೋಡಿದೆ, ಅನುಮಾನವಿರಲಿಲ್ಲ. ಮೊಳೆ ಒಮ್ಮೆ ಹೊಡೆದಿತ್ತು. ಯಾರೋ ಗುರಿ ಹಿಡಿದು ಟ್ರಿಗರ್ ಎಳೆದಿದ್ದರು, ಮುದಿ ಕಾಡತೂಸು ಹಾರಿರಲಿಲ್ಲ. ಲಿವರ್ ತೆರೆದು ಅದನ್ನೇ ಮತ್ತೆ ಒಳಗೆ ಕೂಡಿಸಿ ಮೊಳೆ ಬಿಗಿದಿದ್ದರು. ಎರಡನೇ ಸಲ ಎಳೆದಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆ ಏಳು ಗೀರುಗಳ ನಳಿಗೆಯನ್ನು ನಾನೇ ಕೊರೆದೆ. ಕಟ್ಟಿಗೆಯೊಳಗೆ ಮರೆಯಾಗುವ ಕಡೆ, ಕೆಳಗಿನಿಂದ, ತೂತು ಮಾಡಿ ಗಟ್ಟಿ ಉಕ್ಕಿನ ಗೂಟ ಹೊಡೆದು ಬೆಸುಗೆ ಹಾಕಿದೆ. ಮೊಳೆ ತೆಗೆದು ಅದರ ತೂತು ಮುಚ್ಚಿದೆ. ಲಿವರ್ ಮಾತ್ರ ಬಿಟ್ಟೆ, ಅದು ಕೆಳಗಿಳಿಯುತ್ತಿತ್ತು, ಮೇಲೇರುತ್ತಿತ್ತು. ಬೇರೆ ದಿನವಾಗಿದ್ದರೆ ಹೊಟ್ಟೆ ಉರಿಯುತ್ತಿತ್ತು. ಅವತ್ತು ಡ್ರಿಲ್ಲಿನ ಸದ್ದು ಕೇಳಿಸಿತು, ಅಷ್ಟೇ. ಹಾರಿಸಲು ಎಂದೂ ಸಾಧ್ಯವಿಲ್ಲ ಎಂದು ಬರೆದೆ. ಹೊರಗೆ ಕಟರಿನವನು ಬೇರೆ ಬಂದೂಕುಗಳನ್ನು ತುಂಡು ಮಾಡುತ್ತಿದ್ದ. ಕಾಡತೂಸಿನ ಚೂರುಗಳನ್ನು ಸಾಹೇಬರ ಮುಂದೆಯೇ ನಾಶ ಮಾಡಿದೆವು. ಮೇಲಿನ ಕಚೇರಿಯ ಅಪ್ಪಣೆ ಬಂದ ಮೇಲೆ ಸಾಹೇಬರು, "ನೀವ ಹೋಗಿ ಕೊಟ್ಟು ಬರ್ರಿ" ಎಂದರು.

ಸುರಪುರದ ಆ ಮನೆಯಲ್ಲಿ ಮುದುಕ ಕಿಟಕಿಯ ಪಕ್ಕದ ಮಂಚದ ಮೇಲಿದ್ದ. ಮೈ ಎಲ್ಲ ಇಳಿದು ಕಣ್ಣು ಮಾತ್ರ ದೊಡ್ಡದಾಗಿ ಉಳಿದಿದ್ದವು. ಮಗಳು ಬಂದೂಕನ್ನು ಅವನ ಪಕ್ಕ ಮಲಗಿಸಿದರು. ಅವನು ಬಂದೂಕು ನೋಡಲಿಲ್ಲ, ನನ್ನನ್ನು ನೋಡಿದ.

"ಬಾಯಿ ತೆರದದೇನು?"

"ತೆರದದ ಮುತ್ಯಾ."

"ಒಳಗಿಂದು ತೆಗದೀರಿ?"

ಟೀಚರ್ ತಂದೆಯ ಕಡೆ ತಿರುಗಿದರು. "ಅಪ್ಪಾ, ಒಳಗ ಇತ್ತಂತ ನಿನಗ ಗೊತ್ತಿತ್ತಾ?"

"ಗೊತ್ತಿಲ್ಲಾರ್ದ ಏನು" ಎಂದ ಮುದುಕ.

ನಾನು ಟೋಪಿಯ ಮೇಲಿನ ಗುಣಿಯ ವಿಷಯ ಹೇಳಿದೆ. "ಒಮ್ಮಿ ಎಳದಾರ, ಹಾರಿಲ್ಲ. ತಿರಗ ಹಾಕ್ಯಾರ, ಎಳದಿಲ್ಲ. ಎದುರಿಗಿ ಏನಿತ್ತೋ."

"ನಾ ಇದ್ದೆ."

ಟೀಚರ್ ಮಂಚದ ತುದಿಗೆ ಕೂತರು. ಮುದುಕ ಉಸಿರಿಗೆ ನಿಂತು ನಿಂತು ಹೇಳಿದ.

"ಜ್ವಾಳದ ಹೊಲ. ಹೊತ್ತು ಮುಳಗಾಕತ್ತಿತ್ತು. ಹಂದಿ ಕಾಟ ಭಾಳ, ನಮ್ಮಪ್ಪ ಕಾವಲಿನ ಮಂಚಿಗಿ ಮ್ಯಾಗ ಕುಂತಿದ್ದ. ಅವ್ವ ಬುತ್ತಿ ಕೊಟ್ಟು ಕಳಿಸಿದ್ಲು. ದಾರಿ ಸುತ್ತ ಆಗ್ತದಂತ ನಾ ಬೆಳಿ ನಡುವ ನುಗ್ಗಿ ಬಂದೆ. ದಂಟು ಅಲಗಾಡಿರಬೇಕು. ಟಕ್ ಅಂತು. ಆಮ್ಯಾಲ ಲಿವರ್ ಸಪ್ಪಳ. ಆ ಸಪ್ಪಳ ಕೇಳಿ, ಅಪ್ಪಾ ಬುತ್ತಿ ತಂದೀನಿ ಅಂದೆ. ಅಷ್ಟs."

ಉಸಿರೆಳೆದುಕೊಂಡು ಮತ್ತೆ ಶುರು ಮಾಡಿದ. "ಇಳದು ಬಂದ. ನನ್ನ ತಲಿ, ಎದಿ, ಕಾಲು ಎಲ್ಲಾ ಮುಟ್ಟಿ ನೋಡಿದ. ಬೈಲಿಲ್ಲ. ಬಂದೂಕ ತಂದು ದೇವರ ಮನ್ಯಾಗ ಇಟ್ಟಾವ, ಆ ಲಿವರಿಗಿ ಮತ್ತ ಕೈ ಹಚ್ಚಲಿಲ್ಲ. ಮಾನವಮಿಗಿ ನನ್ನ ಕೈಲೆ ಕುಸುಬಿ ಎಣ್ಣಿ ಹಾಕಿಸಿದ. ಇದು ಗಟ್ಟಿ ಆಗ್ತದಪ್ಪಾ ಅಂದೆ. ಆಗ್ಲಿ ಅಂದ."

"ಕಾಡತೂಸು ತೆಗೀಬಹುದಿತ್ತಲ್ಲ ಮುತ್ಯಾ."

"ತೆಗೀಬೇಕಂದ್ರ ಲಿವರ್ ಎಳೀಬೇಕಲ್ಲ. ಅವಂಗ ಆಗಲಿಲ್ಲ. ನನಗೂ ಆಗಲಿಲ್ಲ. ಎಣ್ಣಿ ಹಾಕ್ಕೋತ ಬಂದೆ."

ಮಗಳಿಗೆ ಲಿವರ್ ಎಳೆ ಎಂದು ಸನ್ನೆ ಮಾಡಿದ. ಅವರು ಎಳೆದರು. ಟಕ್ ಎಂದು ಇಳಿಯಿತು. ಮುದುಕ ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳಿದ, ಆಮೇಲೆ ಅದನ್ನು ಹಾಗೇ ಬಿಡು, ಮುಚ್ಚಬ್ಯಾಡ ಎಂದ. ನಾನು ಹೊರಡಲು ಎದ್ದಾಗ, "ನಿಮ್ಮ ಮನ್ಯಾಗ ಯಾರ್ಯಾರ ಅದಾರ ಉಸ್ತಾದರ?" ಎಂದು ಕೇಳಿದ.

"ನಾ ಒಬ್ಬನs ಅದೀನಿ ಮುತ್ಯಾ. ನನ್ನ ಹೆಂಡ್ತಿ ಬ್ಯಾಸಗ್ಯಾಗ ಹೋಗ್ಯಾಳ."

ಮಾತು ಹೊರಬಿತ್ತು. ಬಿದ್ದ ಮೇಲೂ ನನಗೇನೂ ಅನಿಸಲಿಲ್ಲ. ಮುದುಕ ಸಮಾಧಾನ ಹೇಳಲಿಲ್ಲ. ಕುಂತು ಚಾ ಕುಡದು ಹೋಗ್ರಿ ಎಂದ. ಕುಡಿದು ಬಂದೆ.

ಬಹಳ ದಿನ ಆಗಲಿಲ್ಲ, ಟೀಚರ್ ಫೋನ್ ಮಾಡಿದರು. "ಅಪ್ಪ ಬೆಳಗಿನ ಝಾವ ಹೋದ್ರಿ" ಎಂದರು. ನಾನು ಹೋಗಲೇಬೇಕೆಂದೇನೂ ಇರಲಿಲ್ಲ. ಶಹಾಪುರದ ಬಸ್ ಹಿಡಿದು ಹೋದೆ.

ಅಂಗಳದಲ್ಲಿ ಮಲಗಿಸಿದ್ದರು. ಬಲಮಗ್ಗುಲಿಗೆ ಬಂದೂಕು, ಲಿವರ್ ಕೆಳಗೆ, ಬಾಯಿ ತೆರೆದಿತ್ತು. ಮೇಲೆ ಅರಿಶಿನ ಕುಂಕುಮ ಇತ್ತು, ಎಣ್ಣೆ ಹಾಕಿರಲಿಲ್ಲ. ಕಾಕಾನ ಮಕ್ಕಳು ಗೋಡೆಯ ಹತ್ತಿರ ಸಾಲಾಗಿ ನಿಂತಿದ್ದರು. ಹೆಣ ಎತ್ತುವ ಹೊತ್ತಾಯಿತು. ಟೀಚರ್ ಮುಂದೆ ಬಂದವರು ಬಂದೂಕಿಗೆ ಕೈ ಹಾಕುವ ಮುಂಚೆ ಗುಂಪಿನಲ್ಲಿ ನನ್ನನ್ನು ಹುಡುಕಿದರು.

"ಉಸ್ತಾದರ, ಒಮ್ಮಿ ನೋಡಿಬಿಡ್ರಿ."

ನೋಡುವಂಥದ್ದು ಏನೂ ಇರಲಿಲ್ಲ. ಆದರೂ ಕೆಳಗೆ ಕೂತೆ. ಕಣ್ಣಿಂದ ನೋಡಿದೆ, ಆಮೇಲೆ ನಿಯಮದ ಪ್ರಕಾರ ಕಿರುಬೆರಳು ಒಳಗೆ ಹಾಕಿದೆ. ಬೆಳಗಿನಿಂದ ಅಂಗಳದ ನೆರಳಿನಲ್ಲಿ ಬಿದ್ದಿದ್ದ ಉಕ್ಕು, ತಣ್ಣಗಿತ್ತು. ಬೆರಳಿಗೆ ಆ ತಣುಪು ಹತ್ತಿತು. ಬೇಸಿಗೆಯಿಂದ ಯಾವುದೂ ಹಾಗೆ ಹತ್ತಿರಲಿಲ್ಲ. ಅವಳ ಹಣೆ ಮುಟ್ಟಿದಾಗಲೂ ಹೀಗೇ ತಣ್ಣಗಿತ್ತು, ಆಗ ನನಗೆ ಗೊತ್ತಾಗಿರಲಿಲ್ಲ, ಈಗ ಗೊತ್ತಾಯಿತು.

"ಖಾಲಿ ಅದ್ರಿ ಅಕ್ಕೋರ" ಎಂದು ಹೇಳಬೇಕಿತ್ತು. ಖಾಲಿ ಅನ್ನುವಷ್ಟರಲ್ಲಿ ಅಳು ಬಂತು, ನಿಲ್ಲಲಿಲ್ಲ. ಯಾರೋ ಬಂದು ಭುಜ ಹಿಡಿದರು. ಮುತ್ಯಾನಿಗೆ ಬೇಕಾದವನು ಇರಬೇಕು ಎಂದು ಯಾರೋ ಅಂದರು. ಅನ್ನಲಿ ಬಿಡಿ.

ಟೀಚರ್ ಬಗ್ಗಿ ಬಂದೂಕು ಎತ್ತಿ ಹೆಗಲಿಗೆ ಹಾಕಿಕೊಂಡರು. ಲಿವರ್ ಮುಚ್ಚಲಿಲ್ಲ.